ಬಿಚ್ಚಲೊಲ್ಲದ ಆಯಿಲ್ ಫಿಲ್ಟರು

ಎಂಜಿನಿನ ಕೀಲೆಣ್ಣೆಯನ್ನು ಮನೆಯಲ್ಲಿಯೇ ಬದಲಾಯಿಸುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ತಳದ ಬಿರಡೆಯನ್ನು ಬಿಚ್ಚಿ ಹಳೆಯ ಎಣ್ಣೆಯನ್ನು ಇಳಿಸಬೇಕು. ಎಣ್ಣೆಯನ್ನು ಸೋಸುವ ಫಿಲ್ಟರನ್ನು ತೆಗೆದು ಹೊಸದನ್ನು ಜೋಡಿಸಬೇಕು. ಬಳಿಕ ಹೊಸ ಎಣ್ಣೆಯನ್ನು ತುಂಬಬೇಕು. ಕಾರುಳ್ಳವರಲ್ಲಿ ಕೆಲವರೂ ಟ್ರ್ಯಾಕ್ಟರುಳ್ಳ ರೈತರಲ್ಲಿ ಅನೇಕರೂ ಈ ಕೆಲಸವನ್ನು ತಾವೇ ಮಾಡಿಕೊಳ್ಳುವುದುಂಟು. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಸುಲಭ. ನಡುವಿನದೇ ಹಲವು ವೇಳೆ ಕೆಲಸಗಾರನ ತಾಳ್ಮೆಯನ್ನು ಪರೀಕ್ಷಿಸುವುದು. ಕಳೆದ ಸಲ ಬರಿಗೈಯಿಂದ ತಿರುಗಿಸಿ ಕೂರಿಸಿದ್ದ ಫಿಲ್ಟರು ಈಗ ಎರಡು ಕೈಗಳಿಂದ ಹಿಡಿದು ತಿರುಗಿಸಿದರೂ ಅಲುಗುವುದಿಲ್ಲ!

ಕೈಯಿಂದ ಬಿಗಿದದ್ದು ಕೈಯಿಂದಲೇ ಏಕೆ ಬಿಚ್ಚಿಬರುವುದಿಲ್ಲ? ಈ ಪ್ರಶ್ನೆ ಕೇವಲ ಮೆಕ್ಯಾನಿಕ್ಕುಗಳಿಗೆ ಸೇರಿದುದಲ್ಲ. ನಾವು ತರಗತಿಯಲ್ಲಿ ಓದಿದ ಘರ್ಷಣೆ, ಸನ್ನೆ, ತಿರುಪು ಎಂಬ ಮೂರು ಪಾಠಗಳೂ ಈ ಒಂದು ಚಿಕ್ಕ ಡಬ್ಬಿಯಲ್ಲಿ ಅಡಗಿವೆ. ಈ ಪಾಠಗಳನ್ನು ಮರೆತು ತೋಳಿನ ಬಲವೊಂದನ್ನೇ ನಂಬಿದವನು ಕೈಗೆ ಗಾಯ ಮಾಡಿಕೊಳ್ಳಬಹುದು. ಅದಕ್ಕಿಂತಲೂ ಹೆಚ್ಚಾಗಿ, ಒಂದು ರಬ್ಬರು ಬಳೆಯನ್ನು ಗಮನಿಸದೆ ಬಿಟ್ಟು ಇಡೀ ಎಂಜಿನನ್ನೇ ಕೆಡಿಸಿಕೊಳ್ಳಬಹುದು. ಅದು ಹೇಗೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ಡಬ್ಬಿಯ ಒಳಗೆ ಏನಿದೆ?

ಎಂಜಿನು ಓಡುತ್ತಿರುವಾಗ ಅದರ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ, ಇಂಧನ ಉರಿದ ಮಸಿಯೂ, ಗಾಳಿಯೊಡನೆ ಒಳಹೊಕ್ಕ ಧೂಳೂ ಸೇರುತ್ತ ಹೋಗುತ್ತವೆ. ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವ ಎಣ್ಣೆಯ ಪೊರೆ ಬಹು ತೆಳುವಾದುದು. ಅದಕ್ಕಿಂತ ದಪ್ಪನಾದ ಗಟ್ಟಿ ಕಣವೊಂದು ಅಲ್ಲಿ ಸಿಕ್ಕಿಕೊಂಡರೆ ಲೋಹವು ಗೀರಿಹೋಗುವುದು. ಇದನ್ನು ತಪ್ಪಿಸಲು ಎಣ್ಣೆಯನ್ನು ಸೋಸಬೇಕೆಂಬ ಆಲೋಚನೆ ಹುಟ್ಟಿತು. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಷ್ ಎಂಬುವರು 1923ರಲ್ಲಿ ಮೋಟಾರು ವಾಹನಗಳಿಗಾಗಿ ರೂಪಿಸಿದ ಎಣ್ಣೆಯ ಫಿಲ್ಟರು 'ಪ್ಯೂರೋಲೇಟರ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆ ಮೇಲೆ ಬಹುಕಾಲ ಎಂಜಿನಿಗೆ ಸೇರಿದ ಒಂದು ಬಟ್ಟಲಿನೊಳಗೆ ಸೋಸುವ ಭಾಗವನ್ನಿಡುವ ಪದ್ಧತಿಯಿತ್ತು. ಇಡೀ ಡಬ್ಬಿಯನ್ನೇ ತಿರುಗಿಸಿ ತೆಗೆದು ಬಿಸಾಡುವ ಬಗೆ 1950ರ ದಶಕದಲ್ಲಿ ಬಳಕೆಗೆ ಬಂದಿತು. 1983ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕಾರಿನಲ್ಲಿಯೂ ಇಂತಹ ತಿರುಪು ಡಬ್ಬಿಯೇ ಇದ್ದಿತು. ಈಚಿನ ಕೆಲವು ಕಾರುಗಳಲ್ಲಿ ಮತ್ತೆ ಬಟ್ಟಲಿನ ಪದ್ಧತಿಯೇ ಬಂದಿದ್ದರೂ, ನಾವು ಇಲ್ಲಿ ತಿರುಪು ಡಬ್ಬಿಯನ್ನು ಕುರಿತು ಮಾತ್ರ ವಿಚಾರಿಸುವೆವು.

ಈ ಡಬ್ಬಿಯ ಹೊರಗೋಡೆ ತೆಳುವಾದ ಉಕ್ಕಿನ ತಗಡು. ಒಳಗೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿದ ವಿಶೇಷ ಕಾಗದವಿದೆ. ಎಂಜಿನಿನ ಕಡೆಗಿರುವ ಮುಖದಲ್ಲಿ ದಪ್ಪನಾದ ಉಕ್ಕಿನ ತಟ್ಟೆಯೊಂದಿದ್ದು, ಅದರ ನಡುವೆ ತಿರುಪಿನ ಎಳೆಗಳುಳ್ಳ ರಂಧ್ರವೂ, ಸುತ್ತಲೂ ಚಿಕ್ಕ ರಂಧ್ರಗಳೂ ಇರುತ್ತವೆ. ಎಣ್ಣೆಯು ಸುತ್ತಲಿನ ರಂಧ್ರಗಳಿಂದ ಒಳಹೊಕ್ಕು, ಕಾಗದವನ್ನು ಹಾದು, ನಡುವಿನ ರಂಧ್ರದಿಂದ ಎಂಜಿನಿಗೆ ಮರಳುವುದು. ತಟ್ಟೆಯ ಅಂಚಿನಲ್ಲಿ ರಬ್ಬರಿನ ಬಳೆಯೊಂದಿದೆ. ಮೆಕ್ಯಾನಿಕ್ಕುಗಳು ಇದನ್ನು ಗ್ಯಾಸ್ಕೆಟ್ ಎನ್ನುವರು. ಎಂಜಿನಿನ ನಯವಾದ ಮುಖಕ್ಕೂ ಡಬ್ಬಿಗೂ ನಡುವೆ ಅದುಮಿ ಕುಳಿತು, ಎಣ್ಣೆ ಹೊರಗೆ ಸೋರದಂತೆ ತಡೆಯುವುದೇ ಇದರ ಕೆಲಸ. ನಮ್ಮ ಕಥೆಯ ಮುಖ್ಯ ಪಾತ್ರ ಈ ಬಳೆಯೇ.

ಬಿಗಿತ ಎಲ್ಲಿದೆ?

ಡಬ್ಬಿಯು ತಿರುಗದಂತೆ ತಡೆಯುವ ಸ್ಥಳಗಳು ಎರಡು. ಒಂದು, ನಡುವಿನ ತಿರುಪು. ಇನ್ನೊಂದು, ಅಂಚಿನ ರಬ್ಬರು ಬಳೆ. ತಿರುಪು ಡಬ್ಬಿಯನ್ನು ಎಂಜಿನಿನ ಕಡೆಗೆ ಎಳೆಯುವ ಬಲವೂ, ಬಳೆಯು ಅದನ್ನು ಹಿಂದಕ್ಕೆ ನೂಕುವ ಬಲವೂ ಪರಸ್ಪರ ಸಮ. ಆದರೆ ತಿರುಗುವುದನ್ನು ತಡೆಯುವ ವಿಷಯದಲ್ಲಿ ಇವೆರಡೂ ಸಮವಲ್ಲ. ಬಲವೊಂದು ತಿರುಗಿಸುವ ಅಥವಾ ತಿರುಗದಂತೆ ತಡೆಯುವ ಸಾಮರ್ಥ್ಯವು ಆ ಬಲವನ್ನೂ, ಅದು ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಗುಣಿಸಿದರೆ ದೊರೆಯುವುದು. ಇದನ್ನು ಟಾರ್ಕ್ ಎನ್ನುವರು; ನಾವು ತಿರುಗುಬಲ ಎನ್ನೋಣ.

ತಿರುಪಿನ ತ್ರಿಜ್ಯ 1 ಸೆಂಟಿಮೀಟರ್, ಬಳೆಯ ತ್ರಿಜ್ಯ 3 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ತಿರುಪು ಎಣ್ಣೆಯಲ್ಲಿ ನೆನೆದಿರುವುದರಿಂದ ಅಲ್ಲಿನ ಘರ್ಷಣಾಂಕ 0.15 ಇರಲಿ, ಒಣಗಿ ಅಂಟಿಕೊಂಡ ರಬ್ಬರಿನದು 0.6 ಇರಲಿ. ದೂರದಲ್ಲಿ ಮೂರು ಪಟ್ಟು, ಘರ್ಷಣೆಯಲ್ಲಿ ನಾಲ್ಕು ಪಟ್ಟು; ಒಟ್ಟು 12 ಪಟ್ಟು! ಅಂದರೆ ನಮ್ಮನ್ನು ಎದುರಿಸುತ್ತಿರುವುದು ಬಹುಮಟ್ಟಿಗೆ ರಬ್ಬರು ಬಳೆಯೇ ಹೊರತು ತಿರುಪಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಡಬ್ಬಿಯ ಹೊರಗೆಲ್ಲ ಚಿಮುಕಿಸುವುದರಿಂದ ಹೆಚ್ಚಿನ ಪ್ರಯೋಜನವೇಕಿಲ್ಲ ಎಂಬುದು ಇದರಿಂದ ತಿಳಿಯುವುದು. ತಿರುಪು ಒಳಗಡೆ ಮೊದಲೇ ಎಣ್ಣೆಯಲ್ಲಿದೆ. ಹೊರಗೆ ಚಿಮುಕಿಸಿದ ಎಣ್ಣೆ ನಮ್ಮ ಹಿಡಿತವನ್ನು ಜಾರಿಸುವುದಷ್ಟೆ.

ರಬ್ಬರು ಹೀಗೆ ಹಿಡಿದುಕೊಳ್ಳಲು ಕಾರಣವೇನು? ಫ್ರಾನ್ಸಿನ ಗಿಯೋಮ್ ಅಮೊಂಟೊ 1699ರಲ್ಲಿ ಪ್ರಕಟಿಸಿದ ನಿಯಮದಂತೆ, ಘರ್ಷಣೆಯು ಅದುಮುವ ಬಲಕ್ಕೆ ಅನುಪಾತದಲ್ಲಿರುತ್ತದೆ. ತಾಗುವ ಮುಖದ ವಿಸ್ತಾರವನ್ನು ಅವಲಂಬಿಸುವುದಿಲ್ಲ. ಗಟ್ಟಿ ಲೋಹಗಳು ಈ ನಿಯಮವನ್ನು ಬಹುಮಟ್ಟಿಗೆ ಪಾಲಿಸುತ್ತವೆ. ಮೆತ್ತನೆಯ ರಬ್ಬರು ಹಾಗಲ್ಲ. ಅದು ಎದುರಿನ ಲೋಹದ ಸೂಕ್ಷ್ಮವಾದ ಉಬ್ಬುತಗ್ಗುಗಳೊಳಗೆ ಇಳಿದು ಅವುಗಳ ಆಕಾರವನ್ನೇ ತಾಳುವುದು. ಎಂಜಿನು ದಿನವೂ ಕಾದು ತಣಿಯುವಾಗ ಬಳೆಯು ತಿಂಗಳುಗಟ್ಟಲೆ ಈ ಸ್ಥಿತಿಯಲ್ಲಿಯೇ ಅದುಮಿಕೊಂಡಿದ್ದು, ಮೆಲ್ಲಮೆಲ್ಲನೆ ಗಡುಸಾಗಿ ಅಚ್ಚಿಳಿದಂತೆ ಕೂತುಬಿಡುವುದು. ಜೋಡಿಸುವಾಗ ಬಳೆಗೆ ಎಣ್ಣೆ ಸವರದಿದ್ದರೆ ಅಂಟು ಇನ್ನೂ ಹೆಚ್ಚು. ಕಳೆದ ಸಲ ಜೋಡಿಸಿದವರು ಕೈಯನ್ನು ನಂಬದೆ ಉಪಕರಣದಿಂದ ಬಿಗಿದಿದ್ದರೆ ಕೇಳುವುದೇ ಬೇಡ. ಆದರೆ ಒಂದು ಸಮಾಧಾನವುಂಟು: ನಿಶ್ಚಲ ಘರ್ಷಣೆಯು ಚಲನ ಘರ್ಷಣೆಗಿಂತ ಹೆಚ್ಚು. ಮೊದಲ ಕೂದಲೆಳೆಯಷ್ಟು ಅಲುಗಿದರೆ ಸಾಕು, ಉಳಿದದ್ದು ಸುಲಭ.

ಬರಿಗೈಯ ಲೆಕ್ಕ

ಬರಿಗೈಗೆ ಎಷ್ಟು ಸಾಮರ್ಥ್ಯವಿದೆ? ಡಬ್ಬಿಯ ವ್ಯಾಸ 6.8 ಸೆಂಟಿಮೀಟರ್, ಅಂದರೆ ತ್ರಿಜ್ಯ 3.4 ಸೆಂಟಿಮೀಟರ್ ಇರಲಿ. ಬಲವಾದ ಕೈಯೊಂದು ಅದನ್ನು 400 ನ್ಯೂಟನ್, ಅಂದರೆ ಸುಮಾರು 40 ಕಿಲೋಗ್ರಾಂ ತೂಕದಷ್ಟು ಬಲದಿಂದ ಹಿಚುಕಿತೆಂದು ಭಾವಿಸೋಣ. ಅಂಗೈ ಒಂದು ಕಡೆ, ಬೆರಳುಗಳು ಇನ್ನೊಂದು ಕಡೆ ಒತ್ತುವುದರಿಂದ ಘರ್ಷಣೆ ಎರಡೂ ಕಡೆಗಳಲ್ಲಿ ದೊರೆಯುವುದು. ಒಣಗಿದ ಕೈಯ ಘರ್ಷಣಾಂಕ 0.5 ಇದ್ದರೆ ಒಟ್ಟು ಘರ್ಷಣೆ 400 ನ್ಯೂಟನ್. ತಿರುಗುಬಲ ಸುಮಾರು 13.6 ನ್ಯೂಟನ್-ಮೀಟರ್. ಅದೇ ಕೈಗೆ ಎಣ್ಣೆ ಮೆತ್ತಿ ಘರ್ಷಣಾಂಕ 0.1ಕ್ಕೆ ಇಳಿದರೆ, ತಿರುಗುಬಲ 2.7 ನ್ಯೂಟನ್-ಮೀಟರ್ ಮಾತ್ರ. ತೋಳು ಅದೇ, ಹಿಡಿತವೂ ಅದೇ. ಆದರೆ ಫಲವು ಐದರಲ್ಲಿ ಒಂದು ಪಾಲಿಗೆ ಇಳಿಯಿತು.

ಆದುದರಿಂದ ಮೊದಲ ಉಪಾಯ ಬಹು ಅಗ್ಗವಾದುದು. ಡಬ್ಬಿಯನ್ನೂ ಕೈಯನ್ನೂ ಚೆನ್ನಾಗಿ ಒರೆಸಿ ಒಣಗಿಸಬೇಕು. ಬಳಿಕ ರಬ್ಬರಿನ ಕೈಗವಸು ತೊಟ್ಟೋ, ಉಪ್ಪು ಕಾಗದವನ್ನು ಅದರ ಒರಟು ಮೈ ಡಬ್ಬಿಗೆ ತಾಗುವಂತೆ ಸುತ್ತಿಯೋ ಹಿಡಿಯಬೇಕು. ಎಷ್ಟೋ 'ಹಟಮಾರಿ' ಫಿಲ್ಟರುಗಳು ಇಷ್ಟಕ್ಕೇ ಸೋಲುವುದುಂಟು.

ಯಾವ ದಿಕ್ಕಿಗೆ?

ಸಾಮಾನ್ಯವಾದ ತಿರುಪು ಗಡಿಯಾರದ ಮುಳ್ಳಿಗೆ ಎದುರಾದ ದಿಕ್ಕಿನಲ್ಲಿ ಬಿಚ್ಚುವುದೆಂದು ಎಲ್ಲರೂ ಬಲ್ಲರು. ಆದರೆ ಯಾವ ಕಡೆಯಿಂದ ನೋಡಿದಾಗ? ಮುಚ್ಚಳವುಳ್ಳ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು, ಬಾಟಲಿಯ ತಳದ ಕಡೆಯಿಂದ ನೋಡುತ್ತ ಮುಚ್ಚಳವನ್ನು ಬಿಚ್ಚಿ ನೋಡಿರಿ. ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ ತಿರುಗಿದಂತೆ ಕಾಣುವುದು. ಫಿಲ್ಟರಿನ ವಿಷಯವೂ ಹಾಗೆಯೇ. ಅದರ ಮುಚ್ಚಿದ ಗುಮ್ಮಟಕ್ಕೆ ಎದುರಾಗಿ ನಿಂತು ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು. ಗುಮ್ಮಟವು ಕೆಳಮುಖವಾಗಿ ತೂಗುತ್ತಿರುವಾಗ ಮೇಲಿನಿಂದ ಬಗ್ಗಿ ಕೈಹಾಕಿದವನಿಗೆ ದಿಕ್ಕು ತಿರುಗುಮುರುಗಾಗಿ, ಬಿಚ್ಚುವ ಬದಲು ಬಿಗಿಯುತ್ತ ಹೋಗುವ ಅಪಾಯವುಂಟು.

ಹಗ್ಗ ಮತ್ತು ಕಂಬ

ಕೈ ಸೋತಲ್ಲಿ ಉಪಕರಣ ಬೇಕು. ಇವುಗಳಲ್ಲಿ ಪಟ್ಟಿಯ ವ್ರೆಂಚು ವಿಚಾರಕ್ಕೆ ಯೋಗ್ಯವಾದುದು. ಇದು ಡಬ್ಬಿಯನ್ನು ಸುತ್ತುವ ಒಂದು ಪಟ್ಟಿ ಮತ್ತು ಅದನ್ನು ಎಳೆಯುವ ಒಂದು ಹಿಡಿ. ನಯವಾದ ಡಬ್ಬಿಯ ಮೇಲೆ ಈ ಪಟ್ಟಿ ಜಾರುವುದಿಲ್ಲವೇಕೆ?

ಇದರ ತತ್ತ್ವವನ್ನು ನಮ್ಮ ರೈತರು ಪುಸ್ತಕ ಓದದೆಯೇ ಬಲ್ಲರು. ಕೊಸರಾಡುವ ಹೋರಿಯನ್ನು ಎದುರಾಎದುರು ಎಳೆದು ನಿಲ್ಲಿಸುವುದು ಕಷ್ಟ. ಆದರೆ ಹಗ್ಗವನ್ನು ಒಂದು ಕಂಬಕ್ಕೆ ಎರಡು ಸುತ್ತು ಸುತ್ತಿದರೆ, ಹುಡುಗನೊಬ್ಬ ತುದಿಯನ್ನು ಹಿಡಿದು ಅದನ್ನು ನಿಲ್ಲಿಸಬಲ್ಲನು. ಹಗ್ಗದ ಪ್ರತಿಯೊಂದು ಅಂಗುಲವೂ ಕಂಬವನ್ನು ಒತ್ತಿ ಒಂದಿಷ್ಟು ಘರ್ಷಣೆಯನ್ನು ಗಳಿಸುತ್ತದೆ. ಈ ಗಳಿಕೆ ಕೂಡುತ್ತ ಹೋಗುವುದಿಲ್ಲ, ಚಕ್ರಬಡ್ಡಿಯಂತೆ ಗುಣಿಸುತ್ತ ಹೋಗುವುದು. ಗಣಿತಜ್ಞ ಆಯ್ಲರನ (1707–1783) ಹೆಸರಿನಿಂದ ಕರೆಯುವ ಸೂತ್ರವು ಇದನ್ನು ಲೆಕ್ಕಹಾಕುವುದು. ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ಬಲವು ಸುಮಾರು 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ ಸುಮಾರು 285 ಪಟ್ಟು ಬೆಳೆಯುವುದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ನಯವಾದ ಕೋಲೊಂದನ್ನು ಅಡ್ಡಲಾಗಿ ಭದ್ರವಾಗಿ ಕಟ್ಟಿ, ಅದರ ಮೇಲೆ ದಾರವನ್ನು ಹಾಯಿಸಿ, ಒಂದು ತುದಿಗೆ ಒಂದು ಲೀಟರ್ ನೀರಿನ ಬಾಟಲಿಯನ್ನು ತೂಗಬಿಡಿರಿ. ದಾರವು ಕೋಲನ್ನು ಅರ್ಧ ಸುತ್ತು ಮಾತ್ರ ತಾಗಿದಾಗ, ಘರ್ಷಣಾಂಕ 0.3 ಇದ್ದರೆ, ಇನ್ನೊಂದು ತುದಿಯಲ್ಲಿ ಸುಮಾರು 390 ಗ್ರಾಂ ತೂಕವಿದ್ದರೆ ಬಾಟಲಿ ಜಾರದು. ಒಂದೂವರೆ ಸುತ್ತಾದಾಗ 60 ಗ್ರಾಂ ಸಾಕು. ಎರಡೂವರೆ ಸುತ್ತಾದಾಗ 10 ಗ್ರಾಮಿಗೂ ಕಡಿಮೆ, ಅಂದರೆ ಒಂದೆರಡು ನಾಣ್ಯಗಳಷ್ಟು! ನಿಮ್ಮ ದಾರ ಮತ್ತು ಕೋಲಿಗೆ ತಕ್ಕಂತೆ ಈ ಅಂಕಿಗಳು ಬದಲಾಗಬಹುದು. ಆದರೆ ಇಳಿಯುವ ರೀತಿ ಇದೇ.

ಪಟ್ಟಿಯ ವ್ರೆಂಚಿನಲ್ಲಿ ಹಿಡಿಯನ್ನು ಎಳೆದಷ್ಟೂ ಪಟ್ಟಿಯು ಡಬ್ಬಿಯನ್ನು ಅಪ್ಪುವುದು. ಅಪ್ಪಿದಷ್ಟೂ ಜಾರುವುದು ಕಡಿಮೆ. ಜೊತೆಗೆ ಹಿಡಿಯ ಉದ್ದವು ಸನ್ನೆಯ ಲಾಭವನ್ನೂ ಕೊಡುವುದು. ಡಬ್ಬಿಯ ಅಕ್ಷದಿಂದ 20 ಸೆಂಟಿಮೀಟರ್ ದೂರದಲ್ಲಿ ಎಳೆದರೆ, 40 ನ್ಯೂಟನ್-ಮೀಟರ್ ತಿರುಗುಬಲಕ್ಕೆ 200 ನ್ಯೂಟನ್, ಅಂದರೆ 20 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಬರಿಗೈಯ 13.6ರೊಡನೆ ಇದನ್ನು ಹೋಲಿಸಿ ನೋಡಿರಿ. ಪಟ್ಟಿಯನ್ನು ಎಂಜಿನಿಗೆ ಸಮೀಪವಾದ ಅಂಚಿನಲ್ಲಿಯೇ ಕೂರಿಸಬೇಕು. ಅಲ್ಲಿ ತಗಡು ದಪ್ಪ ತಟ್ಟೆಯೊಡನೆ ಸೇರಿರುವುದರಿಂದ ನಜ್ಜಾಗುವುದಿಲ್ಲ; ನಡುವೆ ಕೂರಿಸಿದರೆ ತೆಳು ತಗಡು ಒಳಕ್ಕೆ ಕುಸಿದು ಹಿಡಿತ ತಪ್ಪುವುದು. ಗುಮ್ಮಟದ ಅಂಚಿನ ಮೂಲೆಗಳಿಗೆ ಸರಿಯಾಗಿ ಕೂರುವ ಟೋಪಿಯಾಕಾರದ ವ್ರೆಂಚು ಕೂಡ ಒಳ್ಳೆಯದೆ. ಆದರೆ ಅದು ಆ ಅಳತೆಗೇ ಮಾಡಿದುದಾಗಿರಬೇಕು.

ಕೆಲಸದ ಕ್ರಮ

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಗಾಲಿಗಳಿಗೆ ಅಡ್ಡೆ ಕೊಡಬೇಕು. ಅಡಿಯಲ್ಲಿ ಮಲಗಿ ಕೆಲಸ ಮಾಡಬೇಕಾಗಿದ್ದರೆ ಜಾಕಿಯೊಂದನ್ನೇ ಎಂದಿಗೂ ನಂಬತಕ್ಕದ್ದಲ್ಲ. ಹಟಮಾರಿ ಫಿಲ್ಟರನ್ನು ಜಗ್ಗುವಾಗ ವಾಹನವೇ ಅಲುಗುವುದರಿಂದ, ಅದನ್ನು ಭಾರ ಹೊರುವ ಸ್ಟ್ಯಾಂಡುಗಳ ಮೇಲೆ ಇಳಿಸಿದ ಬಳಿಕವೇ ಅಡಿಗೆ ಹೋಗಬೇಕು. ಈ ನಿಯಮವನ್ನು ಮೀರಿದವರು ಪ್ರಾಣವನ್ನೇ ಕಳೆದುಕೊಂಡಿರುವುದುಂಟು.

ಎಂಜಿನು ಬೆಚ್ಚಗಿರಬೇಕು, ಸುಡುತ್ತಿರಬಾರದು. ಬೆಚ್ಚಗಿದ್ದರೆ ರಬ್ಬರು ಮೆತ್ತಗಾಗುವುದು, ಎಣ್ಣೆಯೂ ಸರಾಗವಾಗಿ ಇಳಿಯುವುದು. ಆದರೆ ಬಹಳ ಹೊತ್ತು ಓಡಿದ ಎಂಜಿನಿನ ಎಣ್ಣೆ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿ ದಾಟಿರುತ್ತದೆ. 60 ಡಿಗ್ರಿಯ ಬಿಸಿನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುವುದೆಂದ ಮೇಲೆ, ಇಂತಹ ಎಣ್ಣೆ ಮುಂಗೈಯ ಮೇಲೆ ಹರಿದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಬುದ್ಧಿವಂತರು ಅನುಸರಿಸುವ ಒಂದು ಕ್ರಮವನ್ನು ಹೇಳಬೇಕು. ತಳದ ಬಿರಡೆಯನ್ನು ತೆಗೆಯುವ ಮೊದಲೇ ಫಿಲ್ಟರು ಅಲುಗುವುದೋ ಇಲ್ಲವೋ ಎಂಬುದನ್ನು, ಅಡಿಯಲ್ಲಿ ತಟ್ಟೆಯನ್ನಿಟ್ಟು, ಪರೀಕ್ಷಿಸಿ ನೋಡುವುದು ಒಳ್ಳೆಯದು. ಅದು ಯಾವ ಉಪಾಯಕ್ಕೂ ಜಗ್ಗದಿದ್ದರೆ, ಎಂಜಿನಿನಲ್ಲಿ ಎಣ್ಣೆ ಇನ್ನೂ ಇರುವುದರಿಂದ ವಾಹನವನ್ನು ಓಡಿಸಿಕೊಂಡು ನುರಿತವರ ಬಳಿಗೆ ಹೋಗಬಹುದು. ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಈ ದಾರಿ ಮುಚ್ಚಿಹೋಗುವುದು.

ಮೊದಲು ಅಲುಗಿದ ಮೇಲೆ ತಿರುಪಿನ ಪಾಠವು ನೆರವಿಗೆ ಬರುವುದು. ಅನೇಕ ಫಿಲ್ಟರುಗಳ ತಿರುಪಿನಲ್ಲಿ ಎಳೆಯಿಂದ ಎಳೆಗೆ 1.5 ಮಿಲಿಮೀಟರ್ ಅಂತರ. ಮುಕ್ಕಾಲು ಸುತ್ತು ತಿರುಗಿದರೆ ಡಬ್ಬಿಯು 1.1 ಮಿಲಿಮೀಟರಿನಷ್ಟು ಹಿಂದೆ ಸರಿಯುವುದು. ರಬ್ಬರು ಬಳೆ ಅದುಮಿಕೊಂಡಿರುವುದೂ ಸುಮಾರು ಇಷ್ಟೇ. ಆದುದರಿಂದ ಮೊದಲ ಮುಕ್ಕಾಲು ಸುತ್ತಿಗೆ ಮಾತ್ರ ಉಪಕರಣ. ಅನಂತರ ಬೆರಳುಗಳೇ ಸಾಕು.

ಚುಚ್ಚುವ ವಿಧಾನ

ಡಬ್ಬಿಗೆ ಸ್ಕ್ರೂಡ್ರೈವರನ್ನು ಅಡ್ಡಲಾಗಿ ಹೊಡೆದು ಅದನ್ನೇ ಹಿಡಿಯಾಗಿ ಮಾಡಿಕೊಂಡು ತಿರುಗಿಸುವ ಪದ್ಧತಿಯೊಂದು ಪ್ರಚಾರದಲ್ಲಿದೆ. ಸನ್ನೆಯ ದೃಷ್ಟಿಯಿಂದ ಇದು ಸರಿ. ಲೋಹದ ಬಲದ ದೃಷ್ಟಿಯಿಂದ ತಪ್ಪು. ಪಟ್ಟಿಯು ತನ್ನ ಬಲವನ್ನು ಇಡೀ ಸುತ್ತಿಗೆ ಹಂಚುವುದು. ಸ್ಕ್ರೂಡ್ರೈವರಾದರೋ ಎಲ್ಲ ಬಲವನ್ನೂ ಎರಡು ಚಿಕ್ಕ ತೂತುಗಳ ಅಂಚಿನ ಮೇಲೆ ಹೇರುವುದರಿಂದ, ತಿರುಗುವ ಬದಲು ತಗಡು ಹರಿಯುತ್ತ ಹೋಗಬಹುದು. ಕೊನೆಗೆ ಡಬ್ಬಿಯು ಚಿಂದಿಯಾಗಿ ಕೈಗೆ ಬಂದು, ತಟ್ಟೆ ಮಾತ್ರ ಎಂಜಿನಿಗೆ ಅಂಟಿಕೊಂಡು ಉಳಿಯುವುದು. ಹರಿದ ಅಂಚು ಕತ್ತಿಯಷ್ಟು ಚೂಪು. ಇಂತಹ ಸ್ಥಿತಿಯಲ್ಲಿ ತಟ್ಟೆಯ ರಂಧ್ರಗಳಿಗೋ ಅಂಚಿಗೋ ಮೊಂಡಾದ ಉಳಿಯನ್ನಿಟ್ಟು ಬಿಚ್ಚುವ ದಿಕ್ಕಿನಲ್ಲಿ ಮೆಲ್ಲಗೆ ತಟ್ಟುತ್ತ ತಿರುಗಿಸಬೇಕಾಗುವುದು. ಉಳಿ ಜಾರಿ ಎಂಜಿನಿನ ನಯವಾದ ಮುಖಕ್ಕೆ ಗೀರು ಬಿದ್ದರೆ ಮುಂದೆ ಯಾವ ಬಳೆಯೂ ಎಣ್ಣೆಯನ್ನು ತಡೆಯಲಾರದು. ಆದುದರಿಂದ ಇದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಹಿಡಿಯಬೇಕಾದ ದಾರಿ.

ಮರೆಯಬಾರದ ಬಳೆ

ಫಿಲ್ಟರು ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಹಿಗ್ಗುವವರೇ ಹೆಚ್ಚು. ನಿಜವಾದ ಅಪಾಯ ಇರುವುದು ಈ ಘಳಿಗೆಯಲ್ಲಿ. ಅಂಟಿಕೊಂಡ ಬಳೆಯು ಡಬ್ಬಿಯೊಡನೆ ಬರದೆ ಎಂಜಿನಿನ ಮುಖದ ಮೇಲೆಯೇ ಉಳಿದುಬಿಡುವುದುಂಟು. ಕಪ್ಪು ಎಣ್ಣೆಯ ನಡುವೆ ಕಪ್ಪು ರಬ್ಬರು ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆಯೇ ಹೊಸ ಫಿಲ್ಟರನ್ನು ಬಿಗಿದರೆ ಎರಡು ಬಳೆಗಳು ಒಂದರ ಮೇಲೊಂದು ಕೂರುವುವು. ಎಂಜಿನು ಓಡುವಾಗ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 4 ಕಿಲೋಗ್ರಾಂ ತೂಕದಷ್ಟಿರಲಿ. 3 ಸೆಂಟಿಮೀಟರ್ ತ್ರಿಜ್ಯದ ಬಳೆಯೊಳಗಿನ ವಿಸ್ತಾರ ಸುಮಾರು 28 ಚದರ ಸೆಂಟಿಮೀಟರ್. ಆದ್ದರಿಂದ ಡಬ್ಬಿಯನ್ನು ಹೊರಕ್ಕೆ ನೂಕುವ ಬಲ 112 ಕಿಲೋಗ್ರಾಂ ತೂಕ, ಅಂದರೆ ಒಂದು ಕ್ವಿಂಟಲಿನ ಮೂಟೆಗಿಂತಲೂ ಹೆಚ್ಚು! ಒಂದರ ಮೇಲೊಂದು ಜಾರುವ ಎರಡು ಬಳೆಗಳು ಇದಕ್ಕೆ ಎಷ್ಟು ಹೊತ್ತು ತಡೆದಾವು? ಒಂದು ಬಳೆ ಪಕ್ಕಕ್ಕೆ ಚಿಮ್ಮಿದೊಡನೆ ಪಂಪು ಎಣ್ಣೆಯನ್ನೆಲ್ಲ ಕೆಲವೇ ನಿಮಿಷಗಳಲ್ಲಿ ರಸ್ತೆಗೆ ಸುರಿಯುವುದು. ಎಣ್ಣೆಯಿಲ್ಲದ ಬೇರಿಂಗುಗಳು ಕಾದು, ದಂಡವನ್ನು ಕಚ್ಚಿ ಹಿಡಿದು, ಎಂಜಿನು ನಿಂತುಹೋಗುವುದು. ಅಗ್ಗದ ರಬ್ಬರು ಬಳೆಗಾಗಿ ತೆರುವ ದಂಡ ಸಾಮಾನ್ಯವಾದುದಲ್ಲ.

ಆದುದರಿಂದ ತೆಗೆದ ಡಬ್ಬಿಯನ್ನು ತಿರುಗಿಸಿ ಬಳೆ ಅದರಲ್ಲಿಯೇ ಇದೆಯೇ ಎಂದು ನೋಡಬೇಕು. ಎಂಜಿನಿನ ಮುಖವನ್ನು ಬಟ್ಟೆಯಿಂದ ಒರೆಸಿ ಬೆರಳಿನಿಂದ ಸುತ್ತಲೂ ಸವರಿ ನೋಡಬೇಕು. ಬಳಿಕ ಹೊಸ ಬಳೆಗೆ ಶುದ್ಧವಾದ ಎಣ್ಣೆಯನ್ನು ತೆಳುವಾಗಿ ಸವರಿ, ಬಳೆಯು ಮುಖವನ್ನು ಮುಟ್ಟುವವರೆಗೆ ಬೆರಳುಗಳಿಂದ ತಿರುಗಿಸಿ, ಅಲ್ಲಿಂದ ಮುಂದೆ ಡಬ್ಬಿಯ ಮೇಲೆ ಮುದ್ರಿಸಿರುವಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಿಂದ ಬಿಗಿಯಬೇಕು. ಬಿಚ್ಚುವ ಉಪಕರಣವನ್ನು ಬಿಗಿಯಲು ಬಳಸಬಾರದು. ಹೊಸ ಎಣ್ಣೆಯನ್ನು ತುಂಬಿ, ಎಂಜಿನನ್ನು ಒಂದೆರಡು ನಿಮಿಷ ಓಡಿಸಿ, ಬಳೆಯ ಸುತ್ತ ತೊಟ್ಟಿಕ್ಕುತ್ತಿದೆಯೇ ಎಂದು ಪರೀಕ್ಷಿಸಿ, ನಿಲ್ಲಿಸಿದ ಕೆಲವು ನಿಮಿಷಗಳ ಮೇಲೆ ಎಣ್ಣೆಯ ಮಟ್ಟವನ್ನು ಮತ್ತೆ ನೋಡಬೇಕು.

ಇಳಿಸಿದ ಎಣ್ಣೆಯ ವಿಷಯದಲ್ಲಿಯೂ ಹೊಣೆಯುಂಟು. ಅದನ್ನು ಚರಂಡಿಗೋ ಹಿತ್ತಿಲಿಗೋ ಸುರಿದರೆ ಬಾವಿಯ ನೀರು ಕೆಡುವುದು. ಬಳಸಿದ ಎಣ್ಣೆಯು ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟ ವಸ್ತು. ಹಳೆಯ ಫಿಲ್ಟರನ್ನು ಬಾಯಿ ಕೆಳಗಾಗಿ ಹನ್ನೆರಡು ಗಂಟೆಗಳಾದರೂ ಬಸಿಯಲು ಬಿಟ್ಟು, ಬಸಿದದ್ದನ್ನೂ ಉಳಿದ ಎಣ್ಣೆಯನ್ನೂ ಮುಚ್ಚಳವುಳ್ಳ ಡಬ್ಬದಲ್ಲಿ ತುಂಬಿ, ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಕಡೆಯದಾಗಿ, ಹೊಸ ಡಬ್ಬಿಯ ಮೇಲೆ ತಾರೀಖನ್ನೂ, ವಾಹನವು ಅಂದಿಗೆ ಓಡಿದ ಕಿಲೋಮೀಟರುಗಳನ್ನೂ ಅಳಿಸದ ಶಾಯಿಯಿಂದ ಬರೆದಿಡುವುದು ಒಳ್ಳೆಯ ಅಭ್ಯಾಸ. ಮುಂದಿನ ಸಲ ಫಿಲ್ಟರು ಹಟ ಮಾಡುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಂದೇ ತೀರ್ಮಾನವಾಗಿರುತ್ತದೆ. ಬಳೆಗೆ ಎಣ್ಣೆ ಸವರಿ, ಹೇಳಿದಷ್ಟು ಮಾತ್ರ ಬಿಗಿದು, ಅವಧಿ ಮೀರುವ ಮೊದಲೇ ಬದಲಾಯಿಸಿದವರಿಗೆ ಪಟ್ಟಿಯ ವ್ರೆಂಚಿನ ಅಗತ್ಯವೇ ಅಪರೂಪವಾಗಿ ಬೀಳುವುದು.